ಕೈಗೆಷ್ಟು ಬರುತ್ತೆ?

ಮದುವೆ ಮಾತುಕತೆಯಲ್ಲಿ ಹಿಂದೆ ಹುಡುಗಿಯ ಸೋದರಮಾವನಿಗೆಂದೇ ಮೀಸಲಾದ ಒಂದು ಪ್ರಶ್ನೆಯಿತ್ತು. ಉಳಿದವರು ಹುಡುಗನ ಗೋತ್ರ, ಊರು, ಅಣ್ಣತಮ್ಮಂದಿರು, ತೋಟ, ತಾಯಿಯ ಮಂಡಿನೋವು ಎಲ್ಲವನ್ನೂ ವಿಚಾರಿಸಿ ಮುಗಿಸಿದ ಮೇಲೆ, ಕಾಫಿ ಲೋಟ ಕೆಳಗಿಡುತ್ತ ಅವನು ದನಿ ತಗ್ಗಿಸಿ ಕೇಳುತ್ತಿದ್ದ: "ಕಟಿಂಗ್ ಎಲ್ಲ ಹೋಗಿ ಕೈಗೆಷ್ಟು ಬರುತ್ತೆ?" ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಹುಡುಗನ ಅಪ್ಪ ಪಿಎಫ್ ಇಷ್ಟು, ಸೊಸೈಟಿ ಸಾಲ ಇಷ್ಟು, ಎಲ್‌ಐಸಿ ಇಷ್ಟು ಎಂದು ಬೆರಳು ಮಡಚಿ ಉಳಿದದ್ದನ್ನು ಹೇಳುತ್ತಿದ್ದರು. ಸಂಸಾರ ನಡೆಯಬೇಕಾದದ್ದು ಆ ಉಳಿದದ್ದರಲ್ಲಿ ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು.

ಈಗ ಆ ಪ್ರಶ್ನೆ ನಿಂತುಹೋಗಿದೆ. ಈಗಿನದು "ಪ್ಯಾಕೇಜ್ ಎಷ್ಟು?" ಇದಕ್ಕೆ ದನಿ ತಗ್ಗಿಸಬೇಕಿಲ್ಲ, ಸೋದರಮಾವನೂ ಬೇಕಿಲ್ಲ. ಛತ್ರದ ಊಟದ ಪಂಕ್ತಿಯಲ್ಲಿ, ಕೋಸಂಬರಿ ಬಡಿಸಿ ಪಲ್ಯ ಬರುವಷ್ಟರಲ್ಲಿ ಕೇಳಿ ಹೇಳಿ ಮುಗಿದಿರುತ್ತದೆ. "ನಲವತ್ತು" ಎಂದರೆ ಸಾಕು. ಲಕ್ಷ ಎಂದಾಗಲಿ ವರ್ಷಕ್ಕೆ ಎಂದಾಗಲಿ ಬಿಡಿಸಿ ಹೇಳುವವರು ಹಳ್ಳಿಯವರು. ಕೇಳಿಸಿಕೊಂಡವರು ಸಾರನ್ನಕ್ಕೆ ಕೈಹಾಕುವ ಮೊದಲೇ ಮನಸ್ಸಿನಲ್ಲಿ ಹನ್ನೆರಡರಿಂದ ಭಾಗಿಸುತ್ತಾರೆ. 3,33,333 ಬರುತ್ತದೆ. ತಿಂಗಳಿಗೆ ಮೂರೂ ಕಾಲು ಲಕ್ಷಕ್ಕೂ ಮೇಲೆ! ಆ ಸಂಖ್ಯೆಗೂ ಆ ಹುಡುಗನ ಬ್ಯಾಂಕ್ ಪಾಸ್‌ಬುಕ್ಕಿಗೂ ಈ ಜನ್ಮದಲ್ಲಿ ಭೇಟಿಯಾಗುವುದಿಲ್ಲ ಎಂಬುದು ಪಂಕ್ತಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಇದರ ಬಗ್ಗೆ ಮಾತಾಡಲು ನನಗಿರುವ ಅಧಿಕಾರ ಇಷ್ಟೆ. ಬೆಂಗಳೂರಿನ ಒಂದು ಸಾರ್ವಜನಿಕ ವಲಯದ ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಪೇ ಶೀಟ್ ಬರೆದು ನಿವೃತ್ತನಾದವನು ನಾನು. ಅಂದಮೇಲೆ ನೆಂಟರಿಷ್ಟರ ಮಕ್ಕಳಿಗೆ ಕೆಲಸ ಸಿಕ್ಕಾಗ ಸಿಹಿಯ ಜೊತೆಗೆ ಆಫರ್ ಲೆಟರೂ ನಮ್ಮ ಮನೆಗೆ ಬರುತ್ತದೆ. ಸಿಹಿ ಮೊಬೈಲಿನಲ್ಲಿ ಬರುವುದಿಲ್ಲ, ಲೆಟರ್ ಬರುತ್ತದೆ. ಹಾಗಾಗಿ ಇತ್ತೀಚೆಗೆ ಲೆಟರುಗಳೇ ಹೆಚ್ಚು.

ತಂಗಿಯ ಮಗಳು 2025ರ ಏಪ್ರಿಲ್‌ನಲ್ಲಿ ಹೊಸ ಕಂಪನಿಗೆ ಸೇರಿದಳು. ನಲವತ್ತು ಲಕ್ಷ. ತಂಗಿ ಫೋನಿನಲ್ಲಿ ಇಡೀ ವಂಶಕ್ಕೆ ಸುದ್ದಿ ಮುಟ್ಟಿಸಿದಳು. ತಿಂಗಳ ಕೊನೆಗೆ ಹುಡುಗಿಯ ಫೋನು ಬಂತು.

"ಮಾವ, ಏನೋ ತಪ್ಪಾಗಿದೆ ಅನ್ಸುತ್ತೆ. ಎರಡು ಲಕ್ಷದ ಹನ್ನೊಂದು ಸಾವಿರ ಬಂದಿದೆ. ಎಚ್‌ಆರ್‌ಗೆ ಮೇಲ್ ಹಾಕ್ಲಾ?"

"ಹಾಕ್ಬೇಡಮ್ಮ. ಮೊದಲು ಪೇ ಸ್ಲಿಪ್ ಕಳಿಸು. ಆಫರ್ ಲೆಟರ್ ಜೊತೆ ಕೊನೇಲಿ ಒಂದು ಅನೆಕ್ಷರ್ ಇರುತ್ತಲ್ಲ, ಅದನ್ನೂ ಕಳಿಸು."

"ಅದನ್ನ ಯಾರು ಓದ್ತಾರೆ ಮಾವ?"

"ಯಾರೂ ಓದಲ್ಲ. ಅದಕ್ಕೇ ಕೊನೇಲಿ ಇಟ್ಟಿರೋದು."

ತಂಗಿ ಪಕ್ಕದಿಂದ ಕೂಗಿ ಹೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು: "ಒಂದೂ ಕಾಲು ಲಕ್ಷ ಟ್ಯಾಕ್ಸಾ! ಈ ಸರ್ಕಾರಕ್ಕೆ ಕೇಳೋರಿಲ್ವಾ?"

ನನ್ನ ಇಡೀ ತಕರಾರು ಇರುವುದು ಈ ಕೂಗಿನ ಬಗ್ಗೆ. ಪ್ಯಾಕೇಜಿಗೂ ಕೈಗೆ ಬಂದದ್ದಕ್ಕೂ ನಡುವೆ ಕಂದಕ ಕಂಡ ಕೂಡಲೇ ಎಲ್ಲರೂ ತೆರಿಗೆಯನ್ನು ಬೈಯುತ್ತಾರೆ. ಕಂದಕದ ಅರ್ಧದಷ್ಟು ತೆರಿಗೆ ಇಲಾಖೆ ಗುದ್ದಲಿ ಎತ್ತುವ ಮೊದಲೇ ತೋಡಿಯಾಗಿರುತ್ತದೆ.

ಅನೆಕ್ಷರ್ ಬಿಡಿಸಿ ನೋಡಿದೆ. ನಲವತ್ತು ಲಕ್ಷದಲ್ಲಿ 4,00,000 ವೇರಿಯಬಲ್ ಪೇ. ಅಂದರೆ ಕಂಪನಿಗೂ ಒಳ್ಳೆಯದಾಗಿ, ಇವಳ ಮ್ಯಾನೇಜರಿಗೂ ಇವಳ ಮೇಲೆ ಒಳ್ಳೆಯ ಅಭಿಪ್ರಾಯವಿದ್ದರೆ ವರ್ಷ ಮುಗಿದ ಮೇಲೆ ಬರಬಹುದಾದ ಹಣ. ಪೂರ್ತಿ ಬರಬಹುದು, ಮುಕ್ಕಾಲು ಬರಬಹುದು, "ಈ ವರ್ಷ ಮಾರುಕಟ್ಟೆ ಸರಿಯಿಲ್ಲ" ಎಂಬ ಮೇಲೂ ಬರಬಹುದು. ಬೇಸಿಕ್ 16,00,000. ಅದರ ಶೇಕಡ 12, ಅಂದರೆ 1,92,000, ಕಂಪನಿ ಪಿಎಫ್‌ಗೆ ಹಾಕುವ ಪಾಲು. ಗ್ರಾಚ್ಯುಟಿಗೆಂದು ಬೇಸಿಕ್‌ನ ಶೇಕಡ 4.81, ಅದು 76,960. ಗುಂಪು ಆರೋಗ್ಯ ವಿಮೆಯ ಪ್ರೀಮಿಯಂ 31,040. ಈ ಮೂರೂ ಸೇರಿ ಸರಿಯಾಗಿ ಮೂರು ಲಕ್ಷ. ವೇರಿಯಬಲ್ಲನ್ನೂ ಇದನ್ನೂ ತೆಗೆದರೆ ಉಳಿದದ್ದು 33,00,000. ತಿಂಗಳಿಗೆ 2,75,000. ಪೇ ಸ್ಲಿಪ್ಪಿನ ತಲೆಯ ಮೇಲಿರುವ ಗ್ರಾಸ್ ಸಂಬಳ ಇದು. ಪಂಕ್ತಿಯಲ್ಲಿ ಭಾಗಿಸಿದ 3,33,333ರಿಂದ 58,333 ರೂಪಾಯಿ ಆಗಲೇ ಕರಗಿದೆ, ಸರ್ಕಾರ ಇನ್ನೂ ಬಾಗಿಲು ತಟ್ಟಿಲ್ಲ.

ಗ್ರಾಚ್ಯುಟಿ ನೋಡಿ ನನಗೆ ನಗು ಬಂತು. 1972ರ ಕಾಯ್ದೆಯ ಪ್ರಕಾರ ಅದು ಸಿಗಲು ಐದು ವರ್ಷ ಒಂದೇ ಕಡೆ ದುಡಿದಿರಬೇಕಿತ್ತು. ಒಂದು ವರ್ಷದ ಸೇವೆಗೆ ಹದಿನೈದು ದಿನದ ಸಂಬಳ, ತಿಂಗಳನ್ನು ಇಪ್ಪತ್ತಾರು ದಿನವೆಂದು ಹಿಡಿದು, 4.81 ಎಂಬ ವಿಚಿತ್ರ ಸಂಖ್ಯೆ ಹುಟ್ಟಿದ್ದು ಅಲ್ಲಿಂದ. ನಮ್ಮ ಹುಡುಗಿ ಈವರೆಗೆ ಯಾವ ಕಂಪನಿಯಲ್ಲೂ ಮೂರು ವರ್ಷ ದಾಟಿಲ್ಲ. ಅವಳು ಎಂದೂ ಮುಟ್ಟದೆ ಬಿಟ್ಟುಹೋಗಲಿರುವ ಹಣವನ್ನು ಅವಳ ಸಂಬಳವೆಂದು ಬರೆದು, ಅದಕ್ಕೆ ಅವಳ ಕೈಲಿ ಸಹಿ ಹಾಕಿಸಿಕೊಂಡಿದ್ದಾರೆ. ಪ್ಯಾಕೇಜು ಎಂದರೆ ಹಲಸಿನ ಹಣ್ಣನ್ನು ಇಡಿಯಾಗಿ ತೂಗಿದ ತೂಕ. ಮುಳ್ಳು, ರಚ್ಚೆ, ಮೇಣ, ದಿಂಡು ಎಲ್ಲ ಲೆಕ್ಕಕ್ಕುಂಟು, ಬಾಯಿಗೆ ಬರುವುದು ತೊಳೆ ಮಾತ್ರ. ಕಂಪನಿಗೆ ಒಬ್ಬ ಉದ್ಯೋಗಿಯಿಂದ ಬೀಳುವ ಒಟ್ಟು ಖರ್ಚನ್ನು ಅದರ ಖಜಾಂಚಿ ಹೀಗೆ ತೂಗುವುದರಲ್ಲಿ ತಪ್ಪೇನಿಲ್ಲ. ಅದೇ ಸಂಖ್ಯೆಯನ್ನು ನಾವು ಸಂಬಳವೆಂದು ಕರೆದು ಮನೆಗೆ ತಂದುಕೊಂಡದ್ದು ಏಕೆ ಎಂಬುದೇ ನನಗೆ ಅರ್ಥವಾಗದ್ದು.

ಇನ್ನು ತೆರಿಗೆ. 2025-26ರ ಹೊಸ ಪದ್ಧತಿಯಲ್ಲಿ ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆಯಿಲ್ಲ. ಅಲ್ಲಿಂದ ಪ್ರತಿ ನಾಲ್ಕು ಲಕ್ಷಕ್ಕೂ ಶೇಕಡ ಐದೈದರಂತೆ ದರ ಏರುತ್ತದೆ: 5, 10, 15, 20, 25. ಇಪ್ಪತ್ತನಾಲ್ಕು ಲಕ್ಷ ದಾಟಿದ ಮೇಲೆ ಶೇಕಡ 30. ಇಪ್ಪತ್ತನಾಲ್ಕು ಲಕ್ಷದವರೆಗಿನ ತೆರಿಗೆ ಕೂಡಿಸಿದರೆ ಅಂದವಾಗಿ ಮೂರು ಲಕ್ಷ ಬರುತ್ತದೆ. ಬಾಯಿಪಾಠ ಮಾಡಿಕೊಂಡರೆ ಮುಂದಿನ ಲೆಕ್ಕ ಬಾಯಲ್ಲೇ ಆಗುತ್ತದೆ. ನಮ್ಮ ಹುಡುಗಿಯ 33 ಲಕ್ಷದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 32,25,000. ಇಪ್ಪತ್ತನಾಲ್ಕರ ಮೇಲಿನ 8,25,000ಕ್ಕೆ ಶೇಕಡ 30ರಂತೆ 2,47,500. ಮೊದಲ ಮೂರು ಲಕ್ಷ ಸೇರಿಸಿ 5,47,500. ಅದರ ಮೇಲೆ ಆರೋಗ್ಯ ಮತ್ತು ಶಿಕ್ಷಣ ಸೆಸ್ ಶೇಕಡ 4. ಒಟ್ಟು 5,69,400. ತಿಂಗಳಿಗೆ 47,450.

ಇವಳ ಪಾಲಿನ ಪಿಎಫ್ 16,000. ಕರ್ನಾಟಕದ ವೃತ್ತಿ ತೆರಿಗೆ 200. 2025ರಿಂದ ಫೆಬ್ರವರಿಯಲ್ಲಿ ಮಾತ್ರ 300, ವರ್ಷಕ್ಕೆ 2,500. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚು ವಸೂಲಿ ಮಾಡುವಂತಿಲ್ಲ, ಏಕೆಂದರೆ ಸಂವಿಧಾನದ 276ನೇ ವಿಧಿಯಲ್ಲೇ ಆ ಮಿತಿ ಬರೆದಿದೆ. ನಲವತ್ತು ಲಕ್ಷದವಳೂ ಮೂವತ್ತು ಸಾವಿರದ ಸೇಲ್ಸ್ ಹುಡುಗನೂ ಸರಿಸಮಾನವಾಗಿ ನಿಲ್ಲುವುದು ಪೇ ಸ್ಲಿಪ್ಪಿನ ಈ ಒಂದು ಸಾಲಿನಲ್ಲಿ ಮಾತ್ರ. ಎಲ್ಲ ಕಳೆದರೆ 2,11,350. ಬ್ಯಾಂಕಿಗೆ ಬಂದದ್ದೂ ಅಷ್ಟೇ. ಎಚ್‌ಆರ್‌ಗೆ ಮೇಲ್ ಹಾಕುವ ಪ್ರಮೇಯ ಬರಲಿಲ್ಲ.

3,33,333ಕ್ಕೂ 2,11,350ಕ್ಕೂ ಇರುವ ಅಂತರ ಸುಮಾರು 1,22,000. ಅದರಲ್ಲಿ ಆದಾಯ ತೆರಿಗೆಯದು 47,450. ಐದರಲ್ಲಿ ಎರಡು ಪಾಲು. ತಂಗಿಗೆ ಇದನ್ನು ಹೇಳಿದರೆ ಅವಳಿಗೆ ಸಮಾಧಾನವಾಗಲಿಲ್ಲ, ಬದಲಿಗೆ ಬೈಯಲು ಯಾರೂ ಇಲ್ಲದಂತಾಯಿತು. "ಅವಳು ಥರ್ಟಿ ಪರ್ಸೆಂಟ್ ಸ್ಲ್ಯಾಬಲ್ಲಿ ಇದಾಳೆ ಕಣೋ, ಮೂವತ್ತು ಪರ್ಸೆಂಟ್ ತಿಂತಾರೆ" ಎಂದಳು. ಸುಶಿಕ್ಷಿತರೆಲ್ಲ ಹೇಳುವ ಮಾತೇ. ಸ್ಲ್ಯಾಬ್ ಎಂದರೆ ಇಡೀ ಸಂಬಳದ ತಲೆಗೆ ಬೀಳುವ ಏಟು ಎಂದು ಎಂಜಿನಿಯರುಗಳೂ ತಿಳಿದಿರುತ್ತಾರೆ. ಶೇಕಡ 30 ಬೀಳುವುದು ಕೊನೆಯ 8,25,000ಕ್ಕೆ ಮಾತ್ರ. ಇಡೀ 33 ಲಕ್ಷದ ಮೇಲೆ ಲೆಕ್ಕ ಹಾಕಿದರೆ ಅವಳು ಕೊಟ್ಟದ್ದು ಶೇಕಡ ಹದಿನೇಳೂ ಕಾಲು. ಆದರೆ ಶೇಕಡ 30ಕ್ಕೆ ಒಂದು ಗತ್ತು ಇದೆ. ನಾನು ಹದಿನೇಳರವನು ಎಂದು ಯಾರೂ ಹೇಳಿಕೊಳ್ಳಲು ಒಪ್ಪುವುದಿಲ್ಲ.

ಹಾಗೆಂದು ತೆರಿಗೆ ಇಲಾಖೆಯ ವಕಾಲತ್ತು ವಹಿಸಲು ನನಗೆ ಮನಸ್ಸಿಲ್ಲ. ಅವರ ಲೆಕ್ಕದಲ್ಲೂ ತಮಾಷೆಗಳಿವೆ. 2025-26ರಲ್ಲಿ ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲ, ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿದರೆ ಸಂಬಳದಾರರಿಗೆ ಹನ್ನೆರಡೂ ಮುಕ್ಕಾಲು ಲಕ್ಷದವರೆಗೆ ಇಲ್ಲ ಎಂದು ಟಿವಿಯಲ್ಲಿ ಕುಣಿದದ್ದೇ ಕುಣಿದದ್ದು. ಸರಿ, ಹನ್ನೆರಡೂ ಮುಕ್ಕಾಲು ಲಕ್ಷ ಸಂಬಳದವನಿಗೆ ವರ್ಷಕ್ಕೆ 70,000 ಬಡ್ತಿ ಸಿಕ್ಕಿತು ಎಂದುಕೊಳ್ಳಿ. ಹನ್ನೆರಡು ಲಕ್ಷದ ಗೆರೆ ದಾಟಿದ ತಪ್ಪಿಗೆ ಅವನ ಮೇಲೆ ಪೂರ್ತಿ ತೆರಿಗೆ ಬಿದ್ದುಬಿಡಬಾರದಲ್ಲ, ಅದಕ್ಕಾಗಿ ಮಾರ್ಜಿನಲ್ ರಿಲೀಫ್ ಎಂಬ ದಯೆ ಇದೆ: ಗೆರೆಯಿಂದ ಎಷ್ಟು ರೂಪಾಯಿ ಮೇಲೆ ಹೋಗಿದ್ದಾನೋ ತೆರಿಗೆ ಅಷ್ಟನ್ನು ಮೀರುವಂತಿಲ್ಲ. ಆದ್ದರಿಂದ ತೆರಿಗೆ 70,000. ಅಂದರೆ ಬಡ್ತಿ ಪೂರ್ತಿ ಹೋಯಿತು. ಆಮೇಲೆ ಅದರ ಮೇಲೆ ಸೆಸ್ 2,800! ಎಪ್ಪತ್ತು ಸಾವಿರ ಬಡ್ತಿ ಪಡೆದವನ ಕೈಗೆ ಮೊದಲಿಗಿಂತ 2,800 ಕಡಿಮೆ. ರಿಲೀಫ್ ಎಂದರೆ ಇದು. ಬಡ್ತಿಗೆ ಹಂಚಿದ ಮೈಸೂರು ಪಾಕಿನ ಖರ್ಚು ಬೇರೆ.

ಇದೇ ಆಟ ಐವತ್ತು ಲಕ್ಷದ ಗೆರೆಯಲ್ಲೂ ಉಂಟು. ಅಲ್ಲಿ ತೆರಿಗೆಯ ಮೇಲೆ ಶೇಕಡ 10 ಸರ್‌ಚಾರ್ಜ್ ಶುರುವಾಗುತ್ತದೆ. ತೆರಿಗೆಗೆ ಒಳಪಡುವ ಆದಾಯ ಸರಿಯಾಗಿ ಐವತ್ತು ಲಕ್ಷವಿದ್ದರೆ ಸೆಸ್ ಸೇರಿ 11,23,200. ಐವತ್ತೊಂದೂವರೆ ಲಕ್ಷವಾದರೆ, ರಿಲೀಫ್ ಕೊಟ್ಟ ಮೇಲೂ, 12,79,200. ಒಂದೂವರೆ ಲಕ್ಷ ಹೆಚ್ಚು ಗಳಿಸಿ ಒಂದು ಲಕ್ಷ ಐವತ್ತಾರು ಸಾವಿರ ಹೆಚ್ಚು ಕಟ್ಟಿದಂತಾಯಿತು. ಐವತ್ತು ಲಕ್ಷದ ಆಸುಪಾಸಿನಲ್ಲಿರುವ ಮ್ಯಾನೇಜರುಗಳು ಹೈಕ್ ಪತ್ರ ಓದುವಾಗ ಮುಖದಲ್ಲಿ ನಗು ಅರ್ಧಕ್ಕೆ ನಿಂತರೆ ಕಾರಣ ಇದಿರಬಹುದು. ಇಂಥ ಗುಂಡಿ ನಮ್ಮಲ್ಲಿ ಮಾತ್ರ ಇರುವುದೆಂದು ತಿಳಿಯಬಾರದು. ಬ್ರಿಟನ್ನಿನಲ್ಲಿ ಒಂದು ಲಕ್ಷ ಪೌಂಡ್ ದಾಟಿದವರಿಗೆ 12,570 ಪೌಂಡಿನ ವಿನಾಯಿತಿಯನ್ನು ಪ್ರತಿ ಎರಡು ಪೌಂಡಿಗೆ ಒಂದರಂತೆ ಕಿತ್ತುಕೊಳ್ಳುತ್ತಾರೆ. 1,25,140 ಪೌಂಡ್ ಮುಟ್ಟುವವರೆಗೆ ಹೆಚ್ಚು ದುಡಿದ ಪ್ರತಿ ನೂರರಲ್ಲಿ ಅರವತ್ತು ಆದಾಯ ತೆರಿಗೆಗೇ ಹೋಗುತ್ತದೆ. ಅಲ್ಲಿರುವ ನಮ್ಮವರು ಆ ಭಾಗದ ಸಂಬಳವನ್ನು ಪಿಂಚಣಿಗೆ ಹಾಕಿಸಿ ಒಂದು ಲಕ್ಷದ ಕೆಳಗೇ ಉಳಿಯಲು ಹೆಣಗುತ್ತಾರೆ. ಸಂಬಳ ಕಡಿಮೆ ತೋರಿಸಿಕೊಳ್ಳಲು ಹೆಣಗುವ ಭಾಗ್ಯವೂ ಎಲ್ಲರಿಗೂ ಸಿಗುವಂಥದ್ದಲ್ಲ ಎನ್ನಿ.

ನನ್ನ ಕಾಲದ ಸಂಬಳದಾರನಿಗೆ ತೆರಿಗೆ ಒಂದು ಋತುವಾಗಿತ್ತು. ಸಂಕ್ರಾಂತಿಯ ಎಳ್ಳು ಬೀರುವುದು ಮುಗಿಯುತ್ತಿದ್ದಂತೆ ಆಫೀಸಿನಿಂದ ಸುತ್ತೋಲೆ ಬರುತ್ತಿತ್ತು: ಉಳಿತಾಯದ ದಾಖಲೆ ಕೊಡಿ. ಅಲ್ಲಿಯವರೆಗೆ ಏಪ್ರಿಲ್‌ನಿಂದ ಮಲಗಿದ್ದವರೆಲ್ಲ ಧಡಕ್ಕನೆ ಏಳುತ್ತಿದ್ದರು. ಎಲ್‌ಐಸಿ ಏಜೆಂಟರು ಮಳೆಗಾಲದ ಹಾತೆಗಳಂತೆ ಎಲ್ಲಿಂದಲೋ ಏಳುತ್ತಿದ್ದರು ಎಂದು ಬರೆಯಬಹುದಿತ್ತು, ಆದರೆ ನನ್ನ ಭಾವಮೈದುನನೂ ಏಜೆಂಟನೇ ಆದ್ದರಿಂದ ಬಿಡುತ್ತೇನೆ. ಉಳಿತಾಯಕ್ಕೆ ತೆರಿಗೆ ವಿನಾಯಿತಿ ಕೊಡುತ್ತಿದ್ದ 80ಸಿ ಎಂಬ ಮಂತ್ರಕ್ಕಾಗಿ ಎಷ್ಟು ಜನ ತಮಗೆ ಬೇಡದ ಪಾಲಿಸಿಗಳನ್ನು ಇಪ್ಪತ್ತು ವರ್ಷ ಕಟ್ಟಿದ್ದಾರೋ!

ಆ ಋತುವಿನ ನಿಜವಾದ ಹಬ್ಬವೆಂದರೆ ಬಾಡಿಗೆ ರಸೀದಿ. ವರ್ಷಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಬಾಡಿಗೆ ತೋರಿಸಿದರೆ ಮನೆ ಮಾಲೀಕರ ಪ್ಯಾನ್ ನಂಬರ್ ಕೊಡಬೇಕು. ಬೆಂಗಳೂರಿನ ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಕೇಳುವಾಗ ನಿಮ್ಮ ವಂಶಾವಳಿಯನ್ನೆಲ್ಲ ವಿಚಾರಿಸುತ್ತಾರೆ, ತಮ್ಮ ಪ್ಯಾನ್ ಕೇಳಿದರೆ ಮಾತ್ರ "ಅದೆಲ್ಲ ಯಾಕಪ್ಪ, ಮುಂದಿನ ತಿಂಗಳು ನಮ್ಮ ಮಗ ಬರ್ತಾನೆ, ಮನೆ ಬೇಕಾಗುತ್ತೆ" ಎನ್ನುತ್ತಾರೆ. ಆದ್ದರಿಂದ ಹಲವರು ಸ್ವಂತ ಅಪ್ಪನ ಮನೆಯಲ್ಲೇ ಬಾಡಿಗೆದಾರರಾದರು. ಅಪ್ಪನಿಗೆ ನಿಜವಾಗಿಯೂ ಹಣ ಕೊಟ್ಟು, ಅಪ್ಪ ಅದನ್ನು ತನ್ನ ಆದಾಯದಲ್ಲಿ ತೋರಿಸಿದರೆ ಅದರಲ್ಲಿ ಅಕ್ರಮವೇನಿಲ್ಲ. ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ತಾನು ಮಾಲೀಕನಾದ ವಿಷಯ ರಸೀದಿಯ ಮೇಲೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಸಹಿ ಕೇಳಿದಾಗಲೇ ತಿಳಿಯುತ್ತಿತ್ತು. ಇನ್ನೊಂದು ಅವಮಾನವೂ ಇತ್ತು. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಬೇಸಿಕ್‌ನ ಅರ್ಧದವರೆಗೆ ಮನೆ ಬಾಡಿಗೆ ವಿನಾಯಿತಿ ಇದ್ದದ್ದು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಆ ಪುಸ್ತಕದಲ್ಲಿ ಬೆಂಗಳೂರು ಉಳಿದೆಲ್ಲ ಊರುಗಳ ಜೊತೆ ಶೇಕಡ 40ರ ಸಾಲಿನಲ್ಲಿ ಕೂತಿತ್ತು. ಇಂದಿರಾನಗರದಲ್ಲಿ ಎರಡು ಕೋಣೆಯ ಮನೆಗೆ ಬಾಡಿಗೆ ಕಟ್ಟುವವನಿಗೆ ಆ ನಿಯಮ ಓದಿ ಹೇಳಿದರೆ ಅವನು ಅಳಬೇಕೋ ನಗಬೇಕೋ!

ಹೊಸ ಪದ್ಧತಿ ಇದನ್ನೆಲ್ಲ ಗುಡಿಸಿಹಾಕಿತು. 2020ರ ಬಜೆಟ್ಟಿನಲ್ಲಿ ಬಂದಾಗ ಯಾರೂ ಅದನ್ನು ಮೂಸಿ ನೋಡಲಿಲ್ಲ. 2023-24ರಿಂದ, ಬೇರೆ ಕೇಳದಿದ್ದರೆ ಅದೇ ಗತಿ ಎಂದಾಯಿತು. ತಂಗಿಯ ಮಗಳಿಗೆ ಹಳೆಯ ಪದ್ಧತಿಯಲ್ಲಿ ಲಾಭವೇನಾದರೂ ಇದೆಯೇ ಎಂದು ಅದನ್ನೂ ಹಾಕಿ ನೋಡಿದೆ. ತಿಂಗಳಿಗೆ 45,000 ಬಾಡಿಗೆ, 80ಸಿಯ ಒಂದೂವರೆ ಲಕ್ಷ, ತನ್ನ ಮತ್ತು ವಯಸ್ಸಾದ ತಂದೆ ತಾಯಿಯ ಆರೋಗ್ಯ ವಿಮೆಯ 75,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ, ಎಲ್ಲ ಸೇರಿಸಿ ಆರೂವರೆ ಲಕ್ಷದ ಮೇಲೆ ವಿನಾಯಿತಿ ತೆಗೆದೆ. ತೆರಿಗೆ 6,29,460 ಬಂತು. ಹೊಸದಕ್ಕಿಂತ 60,060 ಹೆಚ್ಚು. ಇಷ್ಟೆಲ್ಲ ಕಾಗದ ಕೂಡಿಸಿ ಅರವತ್ತು ಸಾವಿರ ನಷ್ಟ ಮಾಡಿಕೊಳ್ಳುವ ಬುದ್ಧಿವಂತಿಕೆ ಬೇಡವೆಂದೆ. ಹೊಸ ಪದ್ಧತಿಯನ್ನು ನಾನು ಮೆಚ್ಚುತ್ತೇನೆ. ಆದರೆ ಒಂದು ಭಯವೂ ಇದೆ. ಆ ಹಾಳು ಜನವರಿಯ ಒತ್ತಾಯದಿಂದಲೇ ನಮ್ಮ ತಲೆಮಾರಿನ ಸೋಮಾರಿಗಳೂ ನಾಲ್ಕು ಕಾಸು ಕೂಡಿಟ್ಟೆವು. ಈಗ ಯಾವ ಸುತ್ತೋಲೆಯೂ ಯಾರನ್ನೂ ಎಬ್ಬಿಸುವುದಿಲ್ಲ.

ತೆರಿಗೆ ಹೆಚ್ಚಾಯಿತು ಎಂದು ಗೊಣಗುವವರಿಗೆ ನಾನು 1973-74ನ್ನು ನೆನಪಿಸುವುದುಂಟು. ಆಗ ಎರಡು ಲಕ್ಷದ ಮೇಲಿನ ಆದಾಯಕ್ಕೆ ತೆರಿಗೆ ಶೇಕಡ 85, ಅದರ ಮೇಲೆ ಶೇಕಡ 15 ಸರ್‌ಚಾರ್ಜ್. ಒಟ್ಟು 97.75. ನೂರು ರೂಪಾಯಿ ಹೆಚ್ಚು ದುಡಿದರೆ ಕೈಗೆ ಎರಡೂ ಕಾಲು ರೂಪಾಯಿ. ನಿವೃತ್ತ ಮುಖ್ಯ ನ್ಯಾಯಮೂರ್ತಿ ವಾಂಛೂ ಅವರ ಸಮಿತಿ ಇಂಥ ದರ ತೆರಿಗೆಗಳ್ಳತನಕ್ಕೆ ದಾರಿ ಎಂದು ಹೇಳಿತ್ತು. 1974ರಲ್ಲಿ ಯಶವಂತರಾವ್ ಚವಾಣರು 77ಕ್ಕೆ ಇಳಿಸಿದರು, 1985ರಲ್ಲಿ ವಿ.ಪಿ. ಸಿಂಗ್ 50ಕ್ಕೆ ತಂದರು, 1997ರಲ್ಲಿ ಚಿದಂಬರಂ 30ಕ್ಕೆ. ಅದಕ್ಕೂ ಹಿಂದೆ ಹೋದರೆ 1860ರಲ್ಲಿ ಈ ದೇಶಕ್ಕೆ ಆದಾಯ ತೆರಿಗೆ ತಂದ ಜೇಮ್ಸ್ ವಿಲ್ಸನ್ ಸಿಗುತ್ತಾನೆ. 1857ರ ದಂಗೆಯ ಖರ್ಚಿಗೆ ಬರಿದಾದ ಖಜಾನೆ ತುಂಬಿಸಲು ಬಂದವನು. ಜುಲೈನಲ್ಲಿ ಕಾಯ್ದೆ ಜಾರಿಯಾಯಿತು, ಆಗಸ್ಟ್‌ನಲ್ಲಿ ಆಮಶಂಕೆಯಿಂದ ಕೋಲ್ಕತ್ತದಲ್ಲಿ ತೀರಿಕೊಂಡ. ಶಾಪ ಕೊಟ್ಟವರು ಯಾರೆಂದು ದಾಖಲೆಯಿಲ್ಲ.

ಶೇಕಡ 97ರ ಕಾಲದಲ್ಲಿ ದೊಡ್ಡ ಹುದ್ದೆಯವರಿಗೆ ಸಂಬಳ ಹೆಚ್ಚಿಸಿ ಪ್ರಯೋಜನವಿರಲಿಲ್ಲ. ಬಂಗಲೆ, ಕಾರು, ಡ್ರೈವರ್, ಮಾಲಿ, ಕ್ಲಬ್ಬು ಎಂದು ವಸ್ತುರೂಪದಲ್ಲಿ ಕೊಡುತ್ತಿದ್ದರು. ನಮ್ಮಂಥ ಸಣ್ಣವರಿಗೂ ಕಾರ್ಖಾನೆ ತನ್ನ ರೀತಿಯಲ್ಲಿ ಕೊಡುತ್ತಿತ್ತು. ದೂರವಾಣಿನಗರ, ಜಾಲಹಳ್ಳಿಗಳಲ್ಲಿ ಬೆಳೆದವರಿಗೆ ಗೊತ್ತು: ಕ್ವಾರ್ಟರ್ಸು, ಬೆಳಗ್ಗೆ ಸೈರನ್ ಕೂಗುವ ಮೊದಲು ಮನೆ ಹತ್ತಿರ ಬರುವ ಫ್ಯಾಕ್ಟರಿ ಬಸ್ಸು, ಪುಡಿಗಾಸಿಗೆ ಕ್ಯಾಂಟೀನಿನ ಊಟ, ಹೆರಿಗೆಗೆ ಫ್ಯಾಕ್ಟರಿ ಆಸ್ಪತ್ರೆ, ಮಕ್ಕಳಿಗೆ ಫ್ಯಾಕ್ಟರಿ ಶಾಲೆ. ಇದಾವುದನ್ನೂ ನಾನು ಪೇ ಶೀಟಿನಲ್ಲಿ ಬರೆದವನಲ್ಲ. ಬರೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ಆಗಿನವರ ಸಂಬಳ ಹೇಳುವಾಗ ಸಣ್ಣದು, ಬಾಳುವಾಗ ದೊಡ್ಡದು. ಈಗ ತಿಂಗಳಿಗೆ ಎರಡು ಸಲ ಹತ್ತುವ ಕ್ಯಾಬನ್ನೂ, ಕಾಯಿಲೆ ಬಿದ್ದರೆ ಮಾತ್ರ ದಕ್ಕುವ ವಿಮೆಯನ್ನೂ ಸಂಬಳಕ್ಕೆ ಕೂಡಿಸಿ ಹೇಳುತ್ತಾರೆ.

ಪಿಎಫ್ ವಿಷಯದಲ್ಲಿ ಮಾತ್ರ ನಾನು ಹುಡುಗರ ಪಕ್ಷವಲ್ಲ. ಕಾನೂನಿನ ಪ್ರಕಾರ 15,000 ರೂಪಾಯಿ ವೇತನದ ಮೇಲೆ ಶೇಕಡ 12, ಅಂದರೆ 1,800 ಹಿಡಿದರೆ ಸಾಕು. ಕೆಲವು ಕಂಪನಿಗಳು ಅಷ್ಟೇ ಹಿಡಿಯುತ್ತವೆ, ಕೆಲವು ಪೂರ್ತಿ ಬೇಸಿಕ್ ಮೇಲೆ. ನಮ್ಮ ಹುಡುಗಿಯ ಗೆಳತಿಗೂ ನಲವತ್ತೇ ಲಕ್ಷ, ಆದರೆ ಕೈಗೆ 2,35,000 ಬರುತ್ತದೆ. ಇವಳಿಗಿಂತ ತಿಂಗಳಿಗೆ 24,000 ಹೆಚ್ಚು! ತನಗೆ ಅನ್ಯಾಯವಾಗಿದೆ ಎಂದು ಇವಳು ಮುಖ ಊದಿಸಿಕೊಂಡಳು. ಲೆಕ್ಕ ಹಾಕಿ ತೋರಿಸಿದೆ: ಇವಳ ಪಿಎಫ್ ಖಾತೆಗೆ ಎರಡೂ ಕಡೆಯದು ಸೇರಿ ತಿಂಗಳಿಗೆ 32,000 ಹೋಗುತ್ತದೆ, ಗೆಳತಿಯದಕ್ಕೆ 3,600. ಕಂಪನಿಯ ಪಾಲಿಗೆ ಈ ಮಟ್ಟದಲ್ಲಿ ತೆರಿಗೆಯಿಲ್ಲ, 2024-25ಕ್ಕೆ ಬಡ್ಡಿ ಶೇಕಡ 8.25 ಬಂದಿದೆ. ಗೆಳತಿ ಆ ಹಣಕ್ಕೆ ಮೊದಲು ತೆರಿಗೆ ಕಟ್ಟಿ ಆಮೇಲೆ ಅದನ್ನು ಎಲ್ಲಿ ಇಡುತ್ತಾಳೋ, ಇಡುತ್ತಾಳೋ ಇಲ್ಲವೋ. "ಮಾವ, ಅದು ನನಗೆ ಕಾಣೋದೇ ಇಲ್ವಲ್ಲ" ಎಂದಳು. ಕಾಣದೇ ಇರುವುದರಿಂದಲೇ ಅದು ಉಳಿಯುವುದು. ಕೈಗೆ ಬಾರದ್ದೆಲ್ಲ ಹೋದದ್ದಲ್ಲ. ಗ್ರಾಚ್ಯುಟಿಯನ್ನೂ ಪಿಎಫ್ಫನ್ನೂ ಒಂದೇ ಉಸಿರಿನಲ್ಲಿ ಬೈಯಬಾರದು.

ವರ್ಷದ ನಡುವೆ ಕಂಪನಿ ಬದಲಿಸುವವರಿಗೆ ಒಂದು ಮಾತು ಹೇಳಲೇಬೇಕು. ಅಕ್ಟೋಬರ್‌ನಲ್ಲಿ ಹೊಸ ಕಡೆ ಸೇರಿದಾಗ ಹಿಂದಿನ ಕಂಪನಿಯ ಸಂಬಳದ ವಿವರ ಕೊಡದೇ ಹೋದರೆ, ಹೊಸ ಕಂಪನಿ ತಾನು ಕೊಡುವ ಆರು ತಿಂಗಳ ಹದಿನಾರೂವರೆ ಲಕ್ಷವೇ ಇಡೀ ವರ್ಷದ ಆದಾಯವೆಂದು ತಿಳಿದು 1,20,900 ಮಾತ್ರ ಹಿಡಿಯುತ್ತದೆ. ಹಿಡಿಯಬೇಕಾಗಿದ್ದದ್ದು 2,84,700. ಆರು ತಿಂಗಳು ಕೈಗೆ ಧಾರಾಳವಾಗಿ ಬರುತ್ತದೆ, ಹೊಸ ಕಂಪನಿಯ ಗುಣಗಾನ ನಡೆಯುತ್ತದೆ. ರಿಟರ್ನ್ ಸಲ್ಲಿಸುವಾಗ ಕಂಪ್ಯೂಟರು ಎರಡೂ ಕಂಪನಿಗಳನ್ನು ಕೂಡಿಸಿ ನೋಡುತ್ತದೆ. ಕೊರತೆಯನ್ನು ಬಡ್ಡಿ ಸಮೇತ ಕಟ್ಟಬೇಕು. ಆ ಹೊತ್ತಿಗೆ ಹಣ ಗೋವಾದಲ್ಲೋ ಬಾಲಿಯಲ್ಲೋ ಖರ್ಚಾಗಿರುತ್ತದೆ.

ಇಷ್ಟೆಲ್ಲ ಗೊಂದಲದ ನಡುವೆಯೂ ಸರಿಯಾದ ಪ್ರಶ್ನೆ ಕೇಳುವವನು ಒಬ್ಬ ಉಳಿದಿದ್ದಾನೆ. ಬ್ಯಾಂಕಿನವನು. ಹುಡುಗಿ ವೈಟ್‌ಫೀಲ್ಡ್ ಕಡೆ ಫ್ಲ್ಯಾಟ್ ನೋಡಲು ಹೊರಟಾಗ ಬಿಲ್ಡರ್ ಕಡೆಯ ಹುಡುಗ ಪ್ಯಾಕೇಜ್ ಕೇಳಿ, "ಮೇಡಂ, ನಿಮಗೆ ತ್ರೀ ಬಿಎಚ್‌ಕೆ ಆರಾಮಾಗಿ ಆಗುತ್ತೆ" ಎಂದು ಬಾಲ್ಕನಿಯಿಂದ ಕೆರೆ ತೋರಿಸಿದ. ಬ್ಯಾಂಕಿನವನು ಪ್ಯಾಕೇಜಿನ ಸುದ್ದಿಯೇ ಎತ್ತಲಿಲ್ಲ. ಮೂರು ತಿಂಗಳ ಪೇ ಸ್ಲಿಪ್, ಆರು ತಿಂಗಳ ಸ್ಟೇಟ್‌ಮೆಂಟ್ ಎಂದ. ಆಗಲೇ ಇದ್ದ ಕಾರಿನ ಇಎಂಐ ಕಳೆದ. ವೇರಿಯಬಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ. ಉಳಿದದ್ದರ ಅರ್ಧದ ಮೇಲೆ ಕಂತು ಹೋಗಕೂಡದೆಂದು ಎರಡು ಕೋಣೆಯ ಮನೆಗೆ ಇಳಿಸಿದ. ಹುಡುಗಿ ಸಿಟ್ಟು ಮಾಡಿಕೊಂಡು ನನ್ನ ಹತ್ತಿರ ದೂರು ಹೇಳಿದಳು. ಹಳೆಯ ಸೋದರಮಾವಂದಿರ ಕೆಲಸವನ್ನು ಈಗ ಅವನು ಮಾಡುತ್ತಿದ್ದಾನೆ, ಬೈಯಬೇಡ ಎಂದೆ.

ಆ 2,11,350 ಸಣ್ಣ ಮೊತ್ತವೇನಲ್ಲ. ನಾನು ವರ್ಷವಿಡೀ ದುಡಿದರೂ ಅಷ್ಟು ಕಾಣದ ಕಾಲ ಬಹಳ ಇತ್ತು. ಅದು ಸಣ್ಣದೆನಿಸುವುದು 3,33,333ರ ಪಕ್ಕ ನಿಲ್ಲಿಸಿದಾಗ ಮಾತ್ರ. ಆ ದೊಡ್ಡ ಸಂಖ್ಯೆಯನ್ನು ಯಾರೂ ಅವಳಿಗೆ ಕೊಡುತ್ತೇನೆಂದು ಹೇಳಿರಲಿಲ್ಲ, ಪಂಕ್ತಿಯಲ್ಲಿ ಕೂತವರು ಭಾಗಿಸಿ ಹುಟ್ಟಿಸಿದ್ದು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈಗ ಈ ಲೆಕ್ಕವನ್ನು ಇನ್ನೊಮ್ಮೆ ಕಲಕುತ್ತಿವೆ. ಭತ್ಯೆಗಳ ಪಾಲು ಒಟ್ಟು ಸಂಭಾವನೆಯ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೇ ಸೇರಿಸಿ ಗ್ರಾಚ್ಯುಟಿ ಮುಂತಾದವನ್ನು ಲೆಕ್ಕ ಹಾಕಬೇಕು. ಅದೇ ಪ್ಯಾಕೇಜಿನೊಳಗೆ ಆ ಬಾಬ್ತು ಉಬ್ಬಿದರೆ ಬೇರೊಂದು ಬಾಬ್ತು ಸೊರಗಲೇಬೇಕು. ಹೋದ ವರ್ಷದ ಲೆಕ್ಕ ಹಿಡಿದುಕೊಂಡು ಈ ವರ್ಷ ಸಾಲಕ್ಕೆ ಸಹಿ ಹಾಕುವ ಹಾಗಿಲ್ಲ.

ಆದ್ದರಿಂದ ಮಕ್ಕಳ ಆಫರ್ ಲೆಟರ್ ಹಿಡಿದು ನಮ್ಮ ಮನೆಗೆ ಬರುವ ನೆಂಟರಲ್ಲಿ ಒಂದು ವಿನಂತಿ. ಕೊನೆಯ ಅನೆಕ್ಷರ್ ಹಾಳೆಯನ್ನೂ ಮರೆಯದೆ ತನ್ನಿ. ಮೊದಲ ಹಾಳೆಯಲ್ಲಿ ಅಭಿನಂದನೆ ಬಿಟ್ಟರೆ ಲೆಕ್ಕಕ್ಕೆ ಸಿಗುವಂಥದ್ದೇನೂ ಇರುವುದಿಲ್ಲ.